ಬಣ್ಣದ ಬಾನಿಯಲ್ಲಿ ಲೋಪ, ಆಗಮ, ಆದೇಶ

ಸಾವಯವ ರಸಾಯನಶಾಸ್ತ್ರವೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಒಂದು ಬಗೆಯ ಅಳುಕುಂಟು. ಅದು ಅಕಾರಣವಾದ ಅಳುಕೆಂದು ಹೇಳಲಾಗದು. ಇಂಗಾಲವನ್ನು ಮೂಲವಾಗಿ ಉಳ್ಳ ಸಂಯುಕ್ತಗಳ ಸಂಖ್ಯೆ ಲಕ್ಷಗಳನ್ನು ದಾಟಿ ಕೋಟಿಗಳಿಗೆ ಏರಿದೆ. ಅವುಗಳ ಹೆಸರುಗಳೋ ಒಂದೇ ಉಸಿರಿನಲ್ಲಿ ಉಚ್ಚರಿಸಲಾಗದಷ್ಟು ಉದ್ದ. ಹೀಗಿರುವಲ್ಲಿ ಇವೆಲ್ಲದರ ಗುಣಕರ್ಮಗಳನ್ನು ಬಾಯಿಪಾಠ ಮಾಡಬೇಕೆಂದು ಹೊರಟವನು ದಣಿಯುವುದೇ ಸರಿ. ಆದರೆ ಈ ಅಪಾರವಾದ ಸಮೂಹದಲ್ಲಿ ನಡೆಯುವ ಕ್ರಿಯೆಗಳ ಜಾತಿಗಳು ಬಹಳವಿಲ್ಲ. ಬೆರಳಿನಲ್ಲಿ ಎಣಿಸಿ ಮುಗಿಸಬಹುದು. ಅವುಗಳಲ್ಲಿಯೂ ಮುಖ್ಯವಾದ ಮೂರನ್ನು ಕನ್ನಡ ಶಾಲೆಯಲ್ಲಿ ಓದಿದ ಪ್ರತಿಯೊಬ್ಬರೂ ಬೇರೊಂದು ಪಾಠದಲ್ಲಿ ಆಗಲೇ ಕಲಿತಿರುವರು. ಆ ಪಾಠವು ವ್ಯಾಕರಣದ ಸಂಧಿಪ್ರಕರಣ.

ಊರು, ಊರು ಎಂಬ ಎರಡು ಪದಗಳು ಕೂಡಿ ಊರೂರು ಎಂದಾಗುವಾಗ ನಡುವಣ ಒಂದು ಸ್ವರವು ಬಿಟ್ಟುಹೋಗುತ್ತದೆ, ಇದು ಲೋಪ. ಮನೆ ಎಂಬುದರ ಮುಂದೆ ಅನ್ನು ಎಂಬ ಪ್ರತ್ಯಯ ಬಂದು ಮನೆಯನ್ನು ಎಂದಾಗುವಾಗ ಯಕಾರವು ಹೊಸದಾಗಿ ಬಂದು ಸೇರುತ್ತದೆ, ಇದು ಆಗಮ. ಮಳೆ, ಕಾಲ ಎಂಬವು ಕೂಡಿ ಮಳೆಗಾಲವಾಗುವಾಗ ಕಕಾರದ ಸ್ಥಾನದಲ್ಲಿ ಗಕಾರವು ಕುಳಿತುಕೊಳ್ಳುತ್ತದೆ, ಇದು ಆದೇಶ. ರಸಾಯನಜ್ಞನು ಸಾವಯವ ಪದಾರ್ಥಗಳಲ್ಲಿ ಕಾಣುವುದೂ ಬಹುಮಟ್ಟಿಗೆ ಇದನ್ನೇ. ಒಂದು ಅಣುವಿಗೆ ಬೇರೆ ಪರಮಾಣುಗಳು ಬಂದು ಸೇರುವುವು, ಇಲ್ಲವೆ ಅದರಿಂದ ಕೆಲವು ಬಿಟ್ಟುಹೋಗುವುವು, ಇಲ್ಲವೆ ಒಂದರ ಸ್ಥಾನಕ್ಕೆ ಇನ್ನೊಂದು ಬರುವುದು. ಒಂದು ಭೇದವನ್ನು ಮಾತ್ರ ಮೊದಲಿಗೇ ಹೇಳಿಬಿಡಬೇಕು. ವ್ಯಾಕರಣದಲ್ಲಿ ಲೋಪವಾದ ಅಕ್ಷರವು ಎಲ್ಲಿಗೆ ಹೋಯಿತೆಂದು ಕೇಶಿರಾಜನೂ ಕೇಳಲಿಲ್ಲ, ನಾವೂ ಕೇಳುವುದಿಲ್ಲ. ರಸಾಯನದಲ್ಲಿ ಹಾಗಲ್ಲ, ಲೋಪವಾದದ್ದು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಎಲ್ಲಿ ಎಂಬ ಪ್ರಶ್ನೆಯನ್ನು ಬಿಟ್ಟರೆ ಈ ಶಾಸ್ತ್ರವು ಅರ್ಧವೇ ತಿಳಿದಂತೆ.

ಈ ಭಾಷಣಕ್ಕೆ ಕರಿಹಲಗೆಯ ಸಹಾಯವಿಲ್ಲವಾದುದರಿಂದ ಕೇಳುವವರು ಮನಸ್ಸಿನಲ್ಲಿಯೇ ಒಂದು ಚಿತ್ರವನ್ನು ಬರೆದುಕೊಳ್ಳಬೇಕು. ಇಂಗಾಲದ ಪರಮಾಣುವಿಗೆ ನಾಲ್ಕು ಕೈಗಳುಂಟೆಂದು ಭಾವಿಸಿರಿ. ಒಂದು ಇಂಗಾಲವು ಪಕ್ಕದ ಇಂಗಾಲವನ್ನು ಸಾಮಾನ್ಯವಾಗಿ ಒಂದು ಕೈಯಿಂದ ಹಿಡಿದಿರುತ್ತದೆ. ಕೆಲವೆಡೆ ಎರಡು ಕೈಗಳಿಂದ ಹಿಡಿದಿರುವುದೂ ಉಂಟು. ಈ ಎರಡನೆಯ ಹಿಡಿತವು ಸ್ವಲ್ಪ ಸಡಿಲ. ತಕ್ಕ ಪದಾರ್ಥವು ಎದುರಾದರೆ ಎರಡನೆಯ ಕೈ ಬಿಡಿಸಿಕೊಂಡು ಅದನ್ನು ಹಿಡಿಯುತ್ತದೆ. ಕಡಲೆಕಾಯಿ ಎಣ್ಣೆಯಲ್ಲಿ ಇಂತಹ ಜೋಡಿಹಿಡಿತಗಳಿವೆ. ನಿಕ್ಕಲ್ ಪುಡಿಯ ಸಾನ್ನಿಧ್ಯದಲ್ಲಿ ಅದಕ್ಕೆ ಜಲಜನಕ ವಾಯುವನ್ನು ಹಾಯಿಸಿದರೆ ಜಲಜನಕವು ಅಲ್ಲಲ್ಲಿ ಸೇರಿಕೊಂಡು ಎಣ್ಣೆಯು ಗಟ್ಟಿಯಾದ ವನಸ್ಪತಿಯಾಗುತ್ತದೆ. ಇದೇ ಆಗಮ ಕ್ರಿಯೆ. ನಿಕ್ಕಲ್ಲಿಗೆ ಈ ಶಕ್ತಿಯುಂಟೆಂದು ೧೮೯೭ರಲ್ಲಿ ತೋರಿಸಿದ ಫ್ರಾನ್ಸಿನ ಸಬಾಟಿಯೇ ಎಂಬ ವಿದ್ವಾಂಸರಿಗೆ ೧೯೧೨ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ದೇವನಹಳ್ಳಿಯ ಚಕ್ಕೋತದ ಸಿಪ್ಪೆಯನ್ನು ಹಿಂಡಿದರೆ ಸಿಡಿಯುವ ಸುವಾಸನೆಯ ತೈಲದಲ್ಲಿ ಲಿಮೊನೀನ್ ಎಂಬುದಿದೆ; ಅದರ ಪ್ರತಿ ಅಣುವಿನಲ್ಲಿಯೂ ಎರಡು ಜೋಡಿಹಿಡಿತಗಳಿವೆ. ಆ ತೈಲವನ್ನು ಮುಚ್ಚಳವಿಲ್ಲದೆ ಇಟ್ಟರೆ ಗಾಳಿಯ ಆಮ್ಲಜನಕವು ಮೆಲ್ಲನೆ ಹೊಕ್ಕು ಪರಿಮಳವನ್ನು ಕೆಡಿಸುತ್ತದೆ.

ಲೋಪಕ್ಕೆ ಮದ್ಯಸಾರವು ಒಳ್ಳೆಯ ನಿದರ್ಶನ. ಅದನ್ನು ಪ್ರಬಲವಾದ ಗಂಧಕಾಮ್ಲದೊಡನೆ ಸುಮಾರು ೧೭೦ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ ಅಣುವೊಂದಕ್ಕೆ ಒಂದು ನೀರಿನ ಅಣುವು ಕಳಚಿಕೊಂಡು ಎಥಿಲೀನ್ ಅನಿಲವು ಉಳಿಯುತ್ತದೆ; ಕೈಗಳು ಖಾಲಿಯಾದ ಎರಡು ಇಂಗಾಲಗಳು ಪರಸ್ಪರ ಜೋಡಿಹಿಡಿತ ಹಿಡಿಯುವುವು. ಕಾಯಿಗಳನ್ನು ಹಣ್ಣು ಮಾಡುವ ಕೋಣೆಗಳಲ್ಲಿ ಬಿಡುವ ಅನಿಲವು ಇದೇ. ಅದೇ ಮದ್ಯಸಾರ, ಅದೇ ಆಮ್ಲ, ಆದರೆ ಶಾಖವು ಮಾತ್ರ ೧೪೦ ಡಿಗ್ರಿಯ ಸುಮಾರಿನಲ್ಲಿದ್ದರೆ, ಎರಡು ಮದ್ಯಸಾರದ ಅಣುಗಳು ಕೂಡಿ ಈಥರ್ ಆಗುತ್ತದೆ. ಇದು ಆದೇಶದ ಫಲ. ಪದಾರ್ಥಗಳ ಹೆಸರನ್ನಷ್ಟೇ ಕೇಳಿ ಫಲವನ್ನು ಹೇಳಲಾಗದು, ಸನ್ನಿವೇಶವನ್ನೂ ಕೇಳಬೇಕು ಎಂಬುದಕ್ಕೆ ಇದಕ್ಕಿಂತ ಸುಲಭವಾದ ದೃಷ್ಟಾಂತ ನನಗೆ ತಿಳಿಯದು.

ಈ ಮೂರರ ಜೊತೆಗೆ ಪುನರ್ವಿನ್ಯಾಸವೆಂಬ ನಾಲ್ಕನೆಯದೊಂದಿದೆ. ಅದರಲ್ಲಿ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಇದ್ದವೇ ಸ್ಥಾನ ಬದಲಾಯಿಸಿಕೊಳ್ಳುವುವು. ೧೮೨೮ರಲ್ಲಿ ಜರ್ಮನಿಯ ವೋಲರ್ ಮಹಾಶಯರು ಅಮೋನಿಯಂ ಸಯನೇಟ್ ಎಂಬ ಲವಣದಿಂದ, ಅದುವರೆಗೆ ಪ್ರಾಣಿಗಳ ಮೂತ್ರದಿಂದ ಮಾತ್ರ ದೊರೆಯುತ್ತಿದ್ದ ಯೂರಿಯವನ್ನು ಪಡೆದದ್ದು ಇಂತಹ ಕ್ರಿಯೆಯಿಂದಲೇ. ಇವಲ್ಲದೆ ಉತ್ಕರ್ಷಣ, ಅಪಕರ್ಷಣ, ಜಲವಿಚ್ಛೇದನ ಎಂಬ ಹೆಸರುಗಳೂ ಪುಸ್ತಕಗಳಲ್ಲಿ ಬರುವುವು. ಆಮ್ಲಜನಕವು ಸೇರುವುದು ಅಥವಾ ಜಲಜನಕವು ಹೋಗುವುದು ಉತ್ಕರ್ಷಣ. ಅದರ ವಿಪರ್ಯಾಯವು ಅಪಕರ್ಷಣ. ನೀರು ತಾನು ಎರಡಾಗಿ ಒಡೆದು ಇನ್ನೊಂದು ಅಣುವನ್ನು ಎರಡಾಗಿ ಒಡೆಯುವುದು ಜಲವಿಚ್ಛೇದನ. ಇವು ಬೇರೆ ಜಾತಿಗಳೆನ್ನುವುದಕ್ಕಿಂತ ಅದೇ ಕ್ರಿಯೆಗಳನ್ನು ಇನ್ನೊಂದು ಕಡೆಯಿಂದ ನೋಡುವ ರೀತಿಗಳೆಂದರೆ ಒಪ್ಪುತ್ತದೆ.

ಇಷ್ಟನ್ನು ಮುನ್ನುಡಿಯಾಗಿ ಇಟ್ಟುಕೊಂಡು ನಾವು ದೊಡ್ಡಬಳ್ಳಾಪುರಕ್ಕೆ ಹೋಗೋಣ. ಈ ಕ್ರಿಯೆಗಳನ್ನು ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿಯೇ ನೋಡಬೇಕೆಂಬ ನಿಯಮವಿಲ್ಲ. ಮಗ್ಗದ ಸದ್ದು ಬೀದಿಬೀದಿಯಲ್ಲಿ ಕೇಳುವ ಆ ಪಟ್ಟಣದಲ್ಲಿ ರೇಷ್ಮೆಯ ನೂಲನ್ನು ಬೇಯಿಸಿ ಬಣ್ಣ ಹಾಕುವ ಬಾನಿಗಳಲ್ಲಿ ಇವು ದಿನವೂ ನಡೆಯುತ್ತಿವೆ. ಒಂದು ಸೀರೆಯು ನೇಕಾರನ ಕೈಗೆ ನೂಲಾಗಿ ಬರುವ ಮೊದಲೇ ಸಾವಯವ ರಸಾಯನದ ಮುಖ್ಯ ಅಧ್ಯಾಯಗಳೆಲ್ಲವನ್ನೂ ದಾಟಿ ಬಂದಿರುತ್ತದೆ.

ಮೊದಲನೆಯದು ನೂಲಿನ ಅಂಟನ್ನು ಬಿಡಿಸುವ ಕೆಲಸ. ಗೂಡಿನಿಂದ ತೆಗೆದ ಕಚ್ಚಾ ರೇಷ್ಮೆಯು ಒರಟು, ಕಾಂತಿಹೀನ. ರೇಷ್ಮೆಯ ಹುಳು ತನ್ನ ಎರಡು ಎಳೆಗಳನ್ನು ಸೆರಿಸಿನ್ ಎಂಬ ಅಂಟಿನಿಂದ ಬಳಿದು ಕೂಡಿಸಿರುತ್ತದೆ. ನೂಲಿನ ತೂಕದಲ್ಲಿ ಸುಮಾರು ಕಾಲು ಭಾಗವು ಈ ಅಂಟೇ. ಒಳಗಿನ ಎಳೆಯು ಫೈಬ್ರೊಯಿನ್. ಎರಡೂ ಸಸಾರಜನಕ ಪದಾರ್ಥಗಳೇ, ಅಂದರೆ ಅಮೈನೋ ಆಮ್ಲಗಳನ್ನು ಸರಪಣಿಯಂತೆ ಕೊಂಡಿ ಹಾಕಿ ಕಟ್ಟಿದವುಗಳೇ. ಸೆರಿಸಿನ್ನಿನಲ್ಲಿ ಹೇರಳವಾಗಿರುವ ಅಮೈನೋ ಆಮ್ಲವನ್ನು ೧೮೬೫ರಲ್ಲಿ ಮೊದಲು ಬೇರ್ಪಡಿಸಿದ್ದು ರೇಷ್ಮೆಯಿಂದಲೇ ಆದುದರಿಂದ ಅದಕ್ಕೆ ಸೆರೀನ್ ಎಂದು ಹೆಸರಾಯಿತು. ನೂಲಿನ ಲಡಿಗಳನ್ನು ಸಾಬೂನು ಮತ್ತು ಸೋಡದ ನೀರಿನಲ್ಲಿ ಕುದಿಯುವ ಹದಕ್ಕೆ ಸ್ವಲ್ಪ ಕಡಿಮೆಯಾದ ಶಾಖದಲ್ಲಿ ಬೇಯಿಸುವಾಗ ಅಂಟಿನ ಒಂದು ಪಾಲು ಸುಮ್ಮನೆ ಕರಗುತ್ತದೆ. ಇನ್ನೊಂದು ಪಾಲಿನಲ್ಲಿ ಸರಪಣಿಯ ಕೊಂಡಿಗಳನ್ನು ನೀರು ಒಡೆಯುತ್ತದೆ. ಒಡೆದ ಒಂದು ತುದಿಗೆ ನೀರಿನ ಜಲಜನಕ, ಇನ್ನೊಂದು ತುದಿಗೆ ನೀರಿನ ಉಳಿದ ಭಾಗ. ಇದೇ ಜಲವಿಚ್ಛೇದನ.

ಒಳಗಿನ ಎಳೆಯೂ ಅದೇ ಬಗೆಯ ಕೊಂಡಿಗಳಿಂದಾದದ್ದಲ್ಲವೆ, ಅದೇಕೆ ಒಡೆಯುವುದಿಲ್ಲ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಫೈಬ್ರೊಯಿನ್ನಿನ ಸರಪಣಿಗಳು ಒತ್ತೊತ್ತಾಗಿ ಸಾಲುಗಟ್ಟಿ ಹರಳಿನಂತೆ ಜೋಡಿಸಲ್ಪಟ್ಟಿರುವುದರಿಂದ ನೀರಿಗೂ ಕ್ಷಾರಕ್ಕೂ ಒಳಹೊಗಲು ಎಡೆಯಿಲ್ಲ. ಸೆರಿಸಿನ್ನಿನಲ್ಲಿ ಅಂತಹ ಕಟ್ಟಿಲ್ಲ. ಆದರೆ ಸೋಡ ಹೆಚ್ಚಾದರೆ ಅಥವಾ ಬೇಯಿಸಿದ ಹೊತ್ತು ಮೀರಿದರೆ ಎಳೆಯೂ ಒಡೆಯತೊಡಗಿ ನೂಲು ಬಲಗುಂದಿ ಜುಂಗೇಳುತ್ತದೆ. ಬಣ್ಣದವನು ಬೆರಳುಗಳ ನಡುವೆ ನೂಲನ್ನು ಉಜ್ಜಿ ನೋಡಿ ಸಾಕು ಎನ್ನುವುದು ಒಂದು ರಾಸಾಯನಿಕ ಕ್ರಿಯೆಯನ್ನು ಅದರ ನಡುವಿನಲ್ಲಿ ತಕ್ಕ ಕ್ಷಣಕ್ಕೆ ನಿಲ್ಲಿಸುವ ವಿದ್ಯೆಯೇ ಸರಿ. ಅವನು ಹಾಕುವ ಸಾಬೂನೂ ಜಲವಿಚ್ಛೇದನದ ಮಗುವೇ: ಎಣ್ಣೆಯನ್ನು ಕಾಸ್ಟಿಕ್ ಸೋಡದ ನೀರಿನಿಂದ ಒಡೆದರೆ ಗ್ಲಿಸರೀನ್ ಒಂದು ಕಡೆಗೂ ಸಾಬೂನು ಒಂದು ಕಡೆಗೂ ಆಗುವುವು. ಮೈಸೂರು ಸಂಸ್ಥಾನವು ೧೯೧೦ರ ದಶಕದಲ್ಲಿ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯನ್ನು ತೆರೆದಾಗ ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಕಲಿತು ಬಂದದ್ದು ಈ ಕ್ರಿಯೆಯ ಸೂಕ್ಷ್ಮಗಳನ್ನೇ.

ಇನ್ನು ಬಣ್ಣ. ೧೮೫೬ರಲ್ಲಿ ಹದಿನೆಂಟು ವರ್ಷದ ಪರ್ಕಿನ್ ಎಂಬ ಆಂಗ್ಲ ಬಾಲಕನು ನೇರಳೆ ಬಣ್ಣವೊಂದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಮೇಲೆ ಮಂಜಿಷ್ಠೆ, ನೀಲಿ ಮೊದಲಾದ ಗಿಡಗಳ ಬಣ್ಣಗಳು ಹಿಂದೆ ಸರಿದುವು. ಇಂದು ಬಳಕೆಯಲ್ಲಿರುವ ಕೃತಕ ಬಣ್ಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆಜೋ ಎಂಬ ವರ್ಗಕ್ಕೆ ಸೇರಿದವು. ಅವುಗಳ ಹುಟ್ಟನ್ನು ನೋಡಿದರೆ ನಮ್ಮ ಸಂಧಿಪಾಠವು ಪುನಃ ನೆನಪಾಗುವುದು. ಆರು ಇಂಗಾಲಗಳು ಬಳೆಯಂತೆ ಕೈ ಹಿಡಿದಿರುವ ಬೆಂಜೀನ್ ಮೂಲ ಸಾಮಗ್ರಿ. ಅದಕ್ಕೆ ನೈಟ್ರಿಕ್ ಆಮ್ಲವನ್ನು ಗಂಧಕಾಮ್ಲದೊಡನೆ ಕೂಡಿಸಿದರೆ ಒಂದು ಜಲಜನಕವು ಹೋಗಿ ಆ ಸ್ಥಾನಕ್ಕೆ ನೈಟ್ರೋ ಎಂಬ ಗುಂಪು ಬರುತ್ತದೆ: ಆದೇಶ. ಆ ಗುಂಪಿನ ಆಮ್ಲಜನಕವನ್ನು ತೆಗೆದು ಜಲಜನಕವನ್ನು ಕೊಟ್ಟರೆ ಅನಿಲೀನ್ ಆಗುತ್ತದೆ: ಅಪಕರ್ಷಣ. ಅನಿಲೀನನ್ನು ಮಂಜುಗಡ್ಡೆಯ ತಂಪಿನಲ್ಲಿ ನೈಟ್ರಸ್ ಆಮ್ಲದೊಡನೆ ಸೇರಿಸಿದರೆ ಎರಡು ಸಾರಜನಕಗಳನ್ನು ತುದಿಯಲ್ಲಿ ಹೊತ್ತ, ಬಹಳ ಚಂಚಲವಾದ ಒಂದು ಪದಾರ್ಥ ಸಿದ್ಧವಾಗುತ್ತದೆ. ಇದನ್ನು ಗ್ರೀಸ್ ಎಂಬವರು ೧೮೫೮ರಲ್ಲಿ ಕಂಡುಹಿಡಿದರು. ಕೊನೆಗೆ ಇದು ನಾಫ್ತಾಲ್ ಮೊದಲಾದ ಇನ್ನೊಂದು ಬಳೆಯಲ್ಲಿರುವ ಜಲಜನಕವನ್ನು ಹೊರಡಿಸಿ ಅಲ್ಲಿ ತಾನು ಕುಳಿತುಕೊಳ್ಳುತ್ತದೆ: ಮತ್ತೆ ಆದೇಶ. ಆ ಕ್ಷಣವೇ ಕೆಂಪೋ ಕಿತ್ತಳೆಯೋ ಆದ ಬಣ್ಣವು ಮೂಡುತ್ತದೆ. ಎರಡು ಬಳೆಗಳ ನಡುವೆ ಎರಡು ಸಾರಜನಕಗಳು ಜೋಡಿಹಿಡಿತ ಹಿಡಿದು ಸೇತುವೆಯಾಗಿ ನಿಂತಿರುವುದೇ ಆ ಬಣ್ಣದ ಗುಟ್ಟು. ಈ ಸೇತುವೆಯನ್ನು ಕೇಳುವವರು ನೆನಪಿನಲ್ಲಿ ಇಟ್ಟುಕೊಳ್ಳಬೇಕು; ಮುಂದೆ ಇದರ ಕೆಲಸವಿದೆ.

ಬಣ್ಣವು ನೂಲಿಗೆ ಹಿಡಿಯುವ ಬಗೆಗಳು ಅನೇಕ. ರೇಷ್ಮೆಗೆ ಬಹುಕಾಲದಿಂದ ಹಾಕುವ ಆಮ್ಲವರ್ಣಗಳಲ್ಲಿ ನೂಲಿಗೂ ಬಣ್ಣಕ್ಕೂ ನಿಜವಾದ ಸಾವಯವ ಬಂಧವೇ ಉಂಟಾಗುವುದಿಲ್ಲ. ಬಾನಿಯ ಆಮ್ಲದಿಂದ ರೇಷ್ಮೆಗೆ ಧನವಿದ್ಯುದಂಶವು ಬಂದು, ಋಣವಿದ್ಯುದಂಶವುಳ್ಳ ಬಣ್ಣವನ್ನು ಸೆಳೆದಿಟ್ಟುಕೊಳ್ಳುತ್ತದೆ, ಅಷ್ಟೆ. ಆದುದರಿಂದಲೇ ಇಂತಹ ಎಷ್ಟೋ ಬಣ್ಣಗಳು ಒಗೆತದಲ್ಲಿ ಬಿಡುವುವು. ನೂಲಿಗೇ ಕೊಂಡಿ ಹಾಕಿಕೊಳ್ಳುವ ಬಣ್ಣಗಳು ಪೇಟೆಗೆ ಬಂದದ್ದು ೧೯೫೬ರಲ್ಲಿ. ಇಂಗ್ಲೆಂಡಿನ ರ್‍ಯಾಟಿ ಮತ್ತು ಸ್ಟೀಫನ್ ಎಂಬವರ ಶೋಧನೆಯ ಫಲ ಅವು. ಬಣ್ಣದ ಅಣುವಿಗೆ ಕ್ಲೋರೀನನ್ನು ಹೊತ್ತ ಒಂದು ಸಣ್ಣ ಬಳೆಯನ್ನು ಕಟ್ಟಿರುವರು. ಬಾನಿಗೆ ಸೋಡ ಬಿದ್ದೊಡನೆ ನೂಲಿನ ಅಣುವು ಕ್ಲೋರೀನನ್ನು ಹೊರಡಿಸಿ ಅದರ ಜಾಗವನ್ನು ಹಿಡಿಯುತ್ತದೆ. ಹೋದ ಕ್ಲೋರೀನು ಎಲ್ಲಿ ಎಂದು ಕೇಳಿದರೆ, ಆಮ್ಲವಾಗಿ ಹೊರಬಿದ್ದು ಸೋಡದೊಡನೆ ಕೂಡಿ ಉಪ್ಪಾಗಿ ಬಾನಿಯ ನೀರಿನಲ್ಲಿದೆ. ಇದು ಆದೇಶದ ಮಾರ್ಗ.

ಇನ್ನೊಂದು ವರ್ಗದ ಬಣ್ಣಗಳು ಹಿಡಿಯುವ ಮಾರ್ಗವು ಇದಕ್ಕಿಂತ ಸೊಗಸು. ಅವುಗಳ ತುದಿಯಲ್ಲಿ ಸಲ್ಫೇಟ್ ಎಂಬ ಗುಂಪು ಮುಚ್ಚಳದಂತೆ ಕುಳಿತಿರುತ್ತದೆ. ಕ್ಷಾರವು ತಗುಲಿದೊಡನೆ ಮುಚ್ಚಳವು ಕಳಚಿಹೋಗುತ್ತದೆ, ಇದು ಲೋಪ. ಅದರಿಂದ ಎರಡು ಇಂಗಾಲಗಳ ನಡುವೆ ಜೋಡಿಹಿಡಿತವು ಏರ್ಪಡುತ್ತದೆ. ಆ ಸಡಿಲವಾದ ಹಿಡಿತಕ್ಕೆ ನೂಲು ಬಂದು ಸೇರಿಕೊಳ್ಳುತ್ತದೆ, ಇದು ಆಗಮ. ಒಂದೇ ಬಾನಿಯಲ್ಲಿ ಲೋಪವು ಬಾಗಿಲನ್ನು ತೆರೆಯುವುದು, ಆಗಮವು ಒಳಕ್ಕೆ ಬಂದು ಕುಳಿತುಕೊಳ್ಳುವುದು. ಬಣ್ಣದವರು ಮೊದಲು ಬಣ್ಣವನ್ನು ನೂಲಿನಲ್ಲಿ ಸಮನಾಗಿ ಹರಡಲು ಬಿಟ್ಟು ಆಮೇಲೆ ಸೋಡವನ್ನು ಹಾಕುವುದು ಇದಕ್ಕಾಗಿಯೇ. ಮೊದಲೇ ಹಾಕಿದರೆ ಬಾಗಿಲು ತೆರೆದುಬಿಡುವುದು. ಆದರೆ ಬರಬೇಕಾದ ಅತಿಥಿ ಇನ್ನೂ ದೂರದಲ್ಲಿರುವನು.

ಆಗ ಯಾರು ಬರುವರು? ನೀರು ಬರುವುದು. ಬಾನಿಯಲ್ಲಿ ನೂಲಿಗಿಂತ ನೀರು ಹಲವು ಪಾಲು ಹೆಚ್ಚು. ನೂಲಿಗಾಗಿ ಚಾಚಿದ ಬಣ್ಣದ ಕೈಯನ್ನು ನೀರು ಹಿಡಿದುಬಿಟ್ಟರೆ ಆ ಬಣ್ಣವು ಕಣ್ಣಿಗೆ ಹಾಗೆಯೇ ಕಂಡರೂ ನೂಲಿಗೆ ಕೊಂಡಿ ಹಾಕುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಸೋಡ ಬೆರೆಸಿದ ಬಣ್ಣದ ನೀರನ್ನು ಮರುದಿನಕ್ಕೆಂದು ಉಳಿಸಿದರೆ ನೂಲಿಗೆ ಹಿಡಿಯದಿರುವುದಕ್ಕೆ ಕಾರಣವಿದು. ಹೀಗೆ ಕೆಟ್ಟ ಬಣ್ಣವನ್ನು ತೊಳೆದು ಚೆಲ್ಲಲೇಬೇಕು. ಇಲ್ಲದಿದ್ದರೆ ಸೀರೆಯು ಮೊದಲ ಒಗೆತದಲ್ಲಿಯೇ ಸೆರಗಿನ ಬಣ್ಣವನ್ನು ಒಡಲಿಗೆ ಬಳಿಯುತ್ತದೆ. ಹತ್ತಿಯ ನೂಲಿನಲ್ಲಿ ಈ ಜಾತಿಯ ಬಣ್ಣಗಳನ್ನು ಬಳಸಿದಾಗ ನೂರಕ್ಕೆ ಹತ್ತರಿಂದ ನಲವತ್ತರವರೆಗೂ ಹೀಗೆ ನಷ್ಟವಾಗುವುದುಂಟು.

ಈ ತೊಳೆದ ನೀರು ಹೋಗುವುದು ಎಲ್ಲಿಗೆ? ಅರ್ಕಾವತಿಯು ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಸೀಮೆಯ ಕೆರೆಗಳನ್ನು ಪೋಣಿಸುತ್ತ ಹರಿಯುವ ನದಿ. ಬೆಂಗಳೂರಿಗೆ ನೀರನ್ನು ಒದಗಿಸುವುದಕ್ಕಾಗಿ ೧೮೯೪ರಲ್ಲಿ ಹೆಸರಘಟ್ಟದಲ್ಲಿಯೂ ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿಯೂ ಏರ್ಪಾಡಾದದ್ದು ಈ ನದಿಯ ನೀರನ್ನು ನಂಬಿಯೇ. ಪಟ್ಟಣದ ಕೆಳಭಾಗದ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಊರಿನ ಕೊಳಚೆಯೂ ಕಾರ್ಖಾನೆಗಳ ನೀರೂ ಸೇರಿ ಕುಡಿಯುವ ನೀರು ಕೆಟ್ಟಿತೆಂದು ಅಲ್ಲಿನ ಗ್ರಾಮಸ್ಥರು ಇತ್ತೀಚಿನ ವರ್ಷಗಳಲ್ಲಿ ಹೋರಾಟವನ್ನೇ ನಡೆಸಿರುವರು. ಅದರಲ್ಲಿ ಯಾವ ಮೂಲದ ಪಾಲೆಷ್ಟೆಂದು ತೀರ್ಮಾನಿಸುವುದು ಈ ಭಾಷಣದ ಕೆಲಸವಲ್ಲ. ಬಣ್ಣದ ಅಣುವೊಂದು ಕೆರೆಯನ್ನು ಸೇರಿದರೆ ಅದಕ್ಕೆ ಏನಾಗುತ್ತದೆಂಬುದನ್ನು ಮಾತ್ರ ಹೇಳಬಲ್ಲೆ.

ಗಾಳಿಯಾಡುವ ಮೇಲುನೀರಿನಲ್ಲಿ ಆಜೋ ಬಣ್ಣವು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಒಗೆತಕ್ಕೂ ಬಿಸಿಲಿಗೂ ಜಗ್ಗಬಾರದೆಂದೇ ಮಾಡಿದ ಪದಾರ್ಥವು ಸುಲಭವಾಗಿ ಕೆಡುವುದುಂಟೆ? ಆದರೆ ತಳದ ಕೆಸರಿನಲ್ಲಿ ಆಮ್ಲಜನಕವಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ನಾವು ನೆನಪಿನಲ್ಲಿಟ್ಟುಕೊಂಡ ಸೇತುವೆಗೆ ಜಲಜನಕವನ್ನು ಸೇರಿಸುವುವು. ಎರಡು ಸಾರಜನಕಗಳ ನಡುವಣ ಹಿಡಿತವು ಪೂರ್ತಿಯಾಗಿ ಬಿಟ್ಟು ಅಣುವು ಎರಡು ತುಂಡಾಗುತ್ತದೆ. ಸೇತುವೆ ಮುರಿದೊಡನೆ ಬಣ್ಣವು ಮಾಯ. ಬಣ್ಣ ಹಾಕುವವರು ತಪ್ಪಿದ ಬಣ್ಣವನ್ನು ತೆಗೆಯಲು ಹೈಡ್ರೋಸ್ ಎಂಬ ಪುಡಿಯನ್ನು ಹಾಕಿ ಮಾಡುವುದೂ ಈ ಅಪಕರ್ಷಣವನ್ನೇ. ನೋಡಿದವರು ನೀರು ತಿಳಿಯಾಯಿತೆನ್ನುವರು. ಆದರೆ ಆ ಎರಡು ತುಂಡುಗಳೂ ನೀರಿನಲ್ಲಿಯೇ ಇವೆ. ಅವು ಅನಿಲೀನಿನ ಬಳಗಕ್ಕೆ ಸೇರಿದ ಅಮೀನುಗಳು. ಎಲ್ಲವೂ ವಿಷವೆಂದಲ್ಲ. ಬೆಂಜಿಡೀನ್ ಮೊದಲಾದ ಕೆಲವಂತೂ ಮನುಷ್ಯನಿಗೆ ಘೋರವಾದವು. ಬಣ್ಣದ ಕಾರ್ಖಾನೆಯ ಕೆಲಸಗಾರರಿಗೆ ಮೂತ್ರಕೋಶದ ಗೆಡ್ಡೆಗಳಾಗುತ್ತಿವೆಯೆಂದು ಜರ್ಮನಿಯ ರೇನ್ ಎಂಬ ಶಸ್ತ್ರವೈದ್ಯರು ೧೮೯೫ರಷ್ಟು ಹಿಂದೆಯೇ ಎಚ್ಚರಿಸಿದ್ದರು. ಒಡೆದಾಗ ಇಂತಹ ಅಮೀನುಗಳನ್ನು ಕೊಡುವ ಆಜೋ ಬಣ್ಣಗಳನ್ನು ಭಾರತ ಸರ್ಕಾರವು ೧೯೯೭ರಲ್ಲಿ ನಿಷೇಧಿಸಿತು. ಬಣ್ಣದ ಡಬ್ಬಿಯನ್ನು ಕೊಳ್ಳುವಾಗ ಅದು ನಿಷಿದ್ಧವರ್ಗಕ್ಕೆ ಸೇರಿಲ್ಲವೆಂಬ ಪತ್ರವನ್ನು ಕೇಳುವುದರ ಅರ್ಥವು ಇಷ್ಟೇ: ಈ ಬಣ್ಣವು ಮುರಿದರೆ ತುಂಡುಗಳು ಯಾವುವು?

ಬಣ್ಣ ಕಳೆಯಲು ಚಲುವೆಯ ಪುಡಿಯನ್ನು ಸುರಿಯುವ ಸುಲಭೋಪಾಯವೊಂದುಂಟು. ಅದು ಉತ್ಕರ್ಷಣದಿಂದ ಬಣ್ಣವನ್ನು ಕೆಡಿಸುತ್ತದೆ, ನಿಜ. ಜೊತೆಗೆ ಬಳೆಗಳ ಜಲಜನಕದ ಸ್ಥಾನಕ್ಕೆ ಕ್ಲೋರೀನು ಆದೇಶವಾಗಿ ಬಂದು, ಮೊದಲಿಗಿಂತ ಹಟಮಾರಿಯಾದ ಹೊಸ ಸಂಯುಕ್ತಗಳೂ ಹುಟ್ಟಬಹುದು. ನನಗೆ ಈ ಉಪಾಯವು ಹಿಡಿಸದು. ಎರಡು ತೊಟ್ಟಿಗಳ ಕ್ರಮವು ಇದಕ್ಕಿಂತ ಮೇಲು. ಮೊದಲನೆಯ ತೊಟ್ಟಿಗೆ ಗಾಳಿ ಹೊಗದಂತೆ ಮಾಡಿ ಸೂಕ್ಷ್ಮಜೀವಿಗಳಿಂದ ಸೇತುವೆಯನ್ನು ಮುರಿಸುವುದು. ಎರಡನೆಯದಕ್ಕೆ ಧಾರಾಳವಾಗಿ ಗಾಳಿಯನ್ನು ಊದಿ, ಬೇರೆ ಸೂಕ್ಷ್ಮಜೀವಿಗಳಿಂದ ಅಮೀನುಗಳನ್ನು ಉತ್ಕರ್ಷಿಸಿ ಇಂಗಾಲಾಮ್ಲವಾಗಿ ಹೊರಡಿಸುವುದು. ಕ್ರಮವು ತಿರುಗಮುರುಗವಾದರೆ ಪ್ರಯೋಜನವಿಲ್ಲ. ಗಂಧಕದ ಗುಂಪನ್ನು ಹೊತ್ತ ಕೆಲವು ಅಮೀನುಗಳು ಎರಡನೆಯ ತೊಟ್ಟಿಯಲ್ಲಿಯೂ ಬೇಗನೆ ಬಗ್ಗುವುದಿಲ್ಲ. ಅವಕ್ಕೆ ಹೆಚ್ಚು ಕಾಲವನ್ನು ಕೊಡಬೇಕು, ಅಥವಾ ಇದ್ದಿಲಿನಲ್ಲಿ ಹಿಡಿಯಬೇಕು.

ಹೊರಬಂದ ನೀರು ಶುದ್ಧವೋ ಅಲ್ಲವೋ ಎಂಬುದನ್ನು ಕಣ್ಣು ಹೇಳಲಾರದಾದುದರಿಂದ ಪರೀಕ್ಷಕರು ಇನ್ನೊಂದು ಕ್ರಿಯೆಯನ್ನೇ ಸಾಕ್ಷಿಗೆ ಕರೆಯುವರು. ನೀರಿನ ಮಾದರಿಯನ್ನು ಡೈಕ್ರೋಮೇಟ್ ಮತ್ತು ಗಂಧಕಾಮ್ಲದೊಡನೆ ಎರಡು ಗಂಟೆಗಳ ಕಾಲ ಕುದಿಸಿ, ಅದರಲ್ಲಿರುವ ಸಾವಯವ ಪದಾರ್ಥಗಳನ್ನು ಸುಡುವುದಕ್ಕೆ ಎಷ್ಟು ಆಮ್ಲಜನಕ ಬೇಕಾಯಿತೆಂದು ಲೆಕ್ಕ ಹಾಕುವರು. ಭಾರತದ ಸಾಮಾನ್ಯ ನಿಯಮದ ಪ್ರಕಾರ ನದಿ ಕೆರೆಗಳಿಗೆ ಬಿಡುವ ನೀರಿನಲ್ಲಿ ಈ ಅಂಕವು ಲೀಟರಿಗೆ ೨೫೦ ಮಿಲಿಗ್ರಾಮನ್ನು ಮೀರಬಾರದು. ಗಾಜಿನಂತೆ ತಿಳಿಯಾದ ನೀರೂ ಈ ಪರೀಕ್ಷೆಯಲ್ಲಿ ಸೋಲುವುದುಂಟು. ಬಣ್ಣದ ತುಂಡುಗಳೂ, ಬೇಯಿಸಿದ ನೂಲಿನಿಂದ ಬಿಟ್ಟ ಕಾಲು ಭಾಗದ ಅಂಟೂ, ಸಾಬೂನೂ ಎಲ್ಲವೂ ಆ ಅಂಕದಲ್ಲಿ ಲೆಕ್ಕಕ್ಕೆ ಬರುವುವು. ಯಾವ ಅಮೀನು ಎಷ್ಟಿದೆಯೆಂದು ತಿಳಿಯಬೇಕಾದರೆ ಇದು ಸಾಲದು. ಅದಕ್ಕೆ ಬೇರೆ ಸೂಕ್ಷ್ಮಯಂತ್ರಗಳಿಂದ ಒಂದೊಂದನ್ನೂ ಬೇರ್ಪಡಿಸಿ ಅಳೆಯಬೇಕಾಗುತ್ತದೆ.